ಅತ್ತೆಯ ಪಾಲಿನ ಮೀನಿನ ತಲೆಗಳು

ಹೋದ ಶ್ರಾವಣದಲ್ಲಿ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿ ನನ್ನ ಸೀಟಿನ ಕೆಳಗೆ ಯಾರೋ ಒಣಮೀನಿನ ಚೀಲ ತುರುಕಿದ್ದರು. ಸುಕಟ ಅನ್ನುತ್ತೇವೆ ನಾವು. ಮಳೆ ಬಂದು ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ ಅದರ ವಾಸನೆ ಎದ್ದು ಬಸ್ಸಿನ ತುಂಬ ಓಡಾಡತೊಡಗಿತು. ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದು, "ಶ್ರಾವಣದಾಗ ಇದೇನ್ರೀ ಕರ್ಮ, ಯಾರದು ಇದು?" ಅಂದಳು. ಚೀಲದ ಯಜಮಾನ ಮುಚ್ಚಿದ ಕಿಟಕಿಯ ಗಾಜನ್ನೇ ಬಹಳ ಆಸಕ್ತಿಯಿಂದ ನೋಡುತ್ತ ಕುಳಿತ. ನಾನು ಮಾತ್ರ ಉಸಿರು ಒಳಗೆಳೆದುಕೊಂಡೆ. ನನ್ನ ಮೊದಲ ನೌಕರಿಯ ಮಳೆಗಾಲ ಇದೇ ವಾಸನೆಯದು.

ನಮ್ಮೂರು ಕೊಹಿನೂರ. ಅಪ್ಪ ಅವ್ವ ಮಂದಿಯ ಹೊಲದಲ್ಲಿ ತೊಗರಿ ಬಿತ್ತಿ, ಕಳೆ ತೆಗೆದು ನನ್ನನ್ನು ಓದಿಸಿದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ನಾಚಿಕೊಂಡು ಸಣ್ಣ ದನಿಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಡಿಗ್ರಿಯ ಮೇಲೆ ಎಂ.ಎಸ್ಸಿ.ಯನ್ನೂ ಮಾಡಿದೆ, ಅದೂ ಕಡಲ ಜೀವಶಾಸ್ತ್ರದಲ್ಲಿ. ಸಮುದ್ರವನ್ನೇ ನೋಡದ ಹುಡುಗಿ ಅದನ್ನು ಯಾಕೆ ಆರಿಸಿಕೊಂಡಳು ಎಂದು ಬಹಳ ಜನ ಕೇಳಿದ್ದಾರೆ. ನಾನು ಆರಿಸಿಕೊಳ್ಳಲಿಲ್ಲ, ಸೀಟು ಅದರಲ್ಲಿ ಸಿಕ್ಕಿತು, ಕಾರವಾರದಲ್ಲಿ ಹಾಸ್ಟೆಲೂ ಸಿಕ್ಕಿತು. ಹೋದ ಮೇಲೆ ಸಮುದ್ರ ನನ್ನನ್ನು ಬಿಡಲಿಲ್ಲ, ಅದು ಬೇರೆ ಮಾತು.

ಆಗ ಊರಲ್ಲಿ ಅಪ್ಪ ಹೇಳಿಕೊಂಡು ತಿರುಗುತ್ತಿದ್ದ: "ಮಗಳು ಸಮುದ್ರ ಕಲಿಯಾಕತ್ಯಾಳ."

"ಸಮುದ್ರದಾಗ ಕಲಿಯಾದೇನದ? ಬರೇ ನೀರು," ಎಂದು ಹೋಟೆಲಿನಲ್ಲಿ ಯಾರೋ ಅಂದರಂತೆ.

"ನಿನಗ ನೀರು. ಆಕಿಗೆ ಅದು ಊರಿದ್ದಂಗ. ಓಣಿ ಓಣಿ ಹೆಸರು ಗೊತ್ತದ ಆಕಿಗೆ," ಅಂದನಂತೆ ಅಪ್ಪ.

ಓದು ಮುಗಿಸಿ ಬಂದವಳಿಗೆ ಹುಮನಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಹೆಸರಿಗೆ ಅತಿಥಿ. ಅತಿಥಿಗೆ ಕೊಡುವ ಕುರ್ಚಿ ಕೂಡ ಸ್ಟಾಫ್ ರೂಮಿನಲ್ಲಿ ಇರಲಿಲ್ಲ. ಬಿ.ಎಸ್ಸಿ. ಪ್ರಾಣಿಶಾಸ್ತ್ರದಲ್ಲಿ ಒಂದು ಅಧ್ಯಾಯವಿತ್ತು: ಕರಾವಳಿಯ ಬೇರೆ ಬೇರೆ ನೆಲೆಗಳಲ್ಲಿ ಮೀನುಗಳ ವೈವಿಧ್ಯ. ಬಂಡೆ, ಮರಳು, ಅಳಿವೆ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಹವಳದ ದಿಬ್ಬ, ತೆರೆದ ಕಡಲು. ಅದನ್ನು ಪಾಠ ಮಾಡಲು ಕಾಲೇಜಿನ ಪ್ರಯೋಗಾಲಯದಲ್ಲಿ ಇದ್ದದ್ದು ಒಂದು ಚೇಳು, ಒಂದು ಹಾವು, ಮತ್ತೆ ದ್ರಾವಣದಲ್ಲಿ ನೆನೆದು ನೆನೆದು ಮಾವಿನ ಉಪ್ಪಿನಕಾಯಿಯಂತಾಗಿದ್ದ ಒಂದು ಮೀನು. ಆ ಒಂದೇ ಮೀನು ಪ್ರತಿವರ್ಷ ಬೇರೆ ಬೇರೆ ಹೆಸರಿನಲ್ಲಿ ಪರೀಕ್ಷೆಗೆ ಹಾಜರಾಗುತ್ತಿತ್ತು. ಒಂದು ವರ್ಷ ಬಂಗಡೆ, ಮರುವರ್ಷ ಶಾರ್ಕಿನ ಮರಿ. ಹಿಂದಿನ ಸಲ ಬಂದಿದ್ದ ಹೊರಗಿನ ಪರೀಕ್ಷಕರಿಗೆ ಇದು ಗೊತ್ತಾಗಿ, ಅವರು ಖಾರವಾಗಿ ಬರೆದು ಹೋಗಿದ್ದರು.

ಪ್ರಿನ್ಸಿಪಾಲರು ನನ್ನನ್ನು ಕರೆದು ಸಾಫ್ ಹೇಳಿದರು. "ನೋಡ್ರಿ ಮೇಡಂ, ಪ್ರಾಣಿಶಾಸ್ತ್ರಕ್ಕ ಹುಡುಗರೇ ಕಮ್ಮಿ. ಈ ಸಲಾನೂ ಪ್ರಾಕ್ಟಿಕಲ್ ಹಿಂಗೇ ಆದ್ರ ಮ್ಯಾನೇಜ್‌ಮೆಂಟಿನವರು ಆ ವಿಷಯಾನೇ ತೆಗೀತಾರ. ಆಮ್ಯಾಲ ನಿಮಗ ಕೊಡಾಕ ನನ್ನ ಕಡಿ ಏನೂ ಇರಂಗಿಲ್ಲ."

"ಒಂದೊಂದು ನೆಲೀದೂ ಮೀನು ತಂದು ತೋರಸ್ತೀನ್ರಿ ಸರ್," ಅಂದೆ ನಾನು. ಹೊಸ ನೌಕರಿಯ ಹುಮ್ಮಸ್ಸು. ಸಮುದ್ರ ಅಲ್ಲಿಂದ ಎಷ್ಟು ದೂರ ಎಂದು ಹೇಳುವ ಮುನ್ನ ಯೋಚಿಸಬೇಕಿತ್ತು.

ಜೂನ್ ಜುಲೈಯಲ್ಲಿ ಪಶ್ಚಿಮ ಕರಾವಳಿಯ ಬೋಟುಗಳೆಲ್ಲ ಸರ್ಕಾರದ ಹುಕುಂ ಪ್ರಕಾರ ದಡದಲ್ಲಿ ಕಟ್ಟಿಕೊಂಡಿರುತ್ತವೆ, ಮೀನು ಮೊಟ್ಟೆಯಿಡುವ ಕಾಲ. ಆ ಎರಡು ತಿಂಗಳು ನಾನು ಬರೀ ಮಾತಿನಲ್ಲೇ ಸಮುದ್ರ ಕಟ್ಟಿದೆ. ನನ್ನ ಹುಡುಗರಲ್ಲಿ ಕಡಲು ನೋಡಿದವರು ಯಾರೂ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದನ್ನೇ ಹಿಡಿದೆ. ತೆರೆದ ಕಡಲು ಅಂದರೆ ನಮ್ಮ ಹೈವೇ, ಅಲ್ಲಿ ಬಂಗಡೆಗಳು ಲಾರಿಗಳ ಹಾಗೆ ಗುಂಪು ಕಟ್ಟಿಕೊಂಡು ಓಡುತ್ತವೆ, ನಿಲ್ಲುವುದಿಲ್ಲ. ಅಳಿವೆ ಅಂದರೆ ಧಾನ್ಯದ ಅಡತಿ ಅಂಗಡಿ, ನದಿಯದೂ ಬರುತ್ತದೆ ಕಡಲಿನದೂ ಬರುತ್ತದೆ, ಎಲ್ಲ ಒಂದೇ ಕಡೆ ಕಲೆಯುತ್ತದೆ, ಗದ್ದಲ ಜಾಸ್ತಿ ಊಟವೂ ಜಾಸ್ತಿ. ಬಂಡೆಯ ದಂಡೆ ಅಂದರೆ ಕಲ್ಯಾಣದ ಕೋಟೆ, ಒಂದೊಂದು ಸಂದಿಯಲ್ಲಿ ಒಬ್ಬೊಬ್ಬ ಸರದಾರ ಕೂತಿರುತ್ತಾನೆ. ಕಾಂಡ್ಲಾ ಕಾಡಿನ ಕೆಸರು ಅಂದರೆ ಮಳೆಗಾಲದ ನಮ್ಮ ಎರೆಹೊಲ, ಅದರಲ್ಲಿ ನಡೆದವನಿಗಷ್ಟೇ ಗೊತ್ತು ಅದರ ಕಷ್ಟ. ಇರ್ಫಾನ್ ಎಂಬ ಹುಡುಗ ಎದ್ದು ನಿಂತು, "ಮೇಡಂ, ಚಿಟಗುಪ್ಪ ಯಾವುದಕ್ಕ ಬರ್ತದ್ರಿ?" ಎಂದು ಕೇಳಿದ. ಅವನು ಚಿಟಗುಪ್ಪದವನು. ಅವನಿಗೆ ಮರಳಿನ ತಳ ಕೊಟ್ಟೆ. ಅಲ್ಲಿ ಏನೂ ಇಲ್ಲ ಅನಿಸುತ್ತದೆ, ಕಾಲಿಟ್ಟರೆ ಎಲ್ಲ ಎದ್ದು ಓಡುತ್ತವೆ ಅಂದೆ. ಅವನಿಗೆ ಸಮಾಧಾನವಾಯಿತು.

ಆಗಸ್ಟಿನಲ್ಲಿ ಬೋಟುಗಳು ನೀರಿಗಿಳಿದವು. ಪ್ರಾಕ್ಟಿಕಲ್ ತಾರೀಖೂ ಬಂತು. ಕಾರವಾರದ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ರೇಷ್ಮಾ ಮೀನುಗಾರರ ಮನೆಯ ಹುಡುಗಿ. ಅವಳಿಗೆ ಫೋನು ಮಾಡಿದೆ. ಅವಳು ಒಂದೊಂದು ನೆಲೆಯದನ್ನೂ ಆರಿಸಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸು ತುಂಬಿ, ಹುಬ್ಬಳ್ಳಿಯಲ್ಲಿ ಬೀದರ್ ಬಸ್ಸಿಗೆ ದಾಟಿಸುವ ವ್ಯವಸ್ಥೆ ಮಾಡಿದಳು. ಡಬ್ಬಿ ಹುಮನಾಬಾದಿಗೆ ಬರುವುದು ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ. ಇಡುವುದೆಲ್ಲಿ? ಕಾಲೇಜಿನ ಫ್ರಿಜ್ಜು ಕೆಟ್ಟು ಅದರೊಳಗೆ ಉತ್ತರಪತ್ರಿಕೆ ಇಟ್ಟಿದ್ದರು. ನಾನು ಬಾಡಿಗೆಗಿದ್ದ ಮನೆಯ ಯಜಮಾನತಿ ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ಹೊಸಿಲು ದಾಟಿಸುವವರಲ್ಲ. ಹಾಗಾಗಿ ಅಪ್ಪನಿಗೆ ಹೇಳಿದೆ: ಬಸ್ ಸ್ಟ್ಯಾಂಡಿಗೆ ಬಂದು ಡಬ್ಬಿ ಇಳಿಸಿಕೊ, ಊರಿಗೆ ಒಯ್ಯಿ, ಸಂಜೆ ಕ್ಲಾಸು ಮುಗಿಸಿ ನಾನೇ ಬರುತ್ತೇನೆ.

"ಅಪ್ಪಾ, ಜ್ವಾಕಿ. ಒಟ್ಟ ಕೆಡಬಾರದು. ನನ್ನ ನೌಕರಿ ಆ ಡಬ್ಬ್ಯಾಗದ," ಎಂದು ಎರಡೆರಡು ಸಲ ಹೇಳಿದೆ.

"ಫಿಕೀರ್ ಮಾಡಬ್ಯಾಡ ಸುಜಾತಾ. ನಿನ್ನ ಅವ್ವಗ ಹೇಳ್ತೀನಿ, ಚಿಟಗುಪ್ಪಾದಿಂದ ನಮ್ಮಕ್ಕ, ನಿನ್ನ ಅತ್ತೀನೂ ಬರಾಕತ್ಯಾಳ," ಅಂದ ಅಪ್ಪ.

ಆ ಕೊನೆಯ ಮಾತಿಗೆ ನಾನು ಬೆದರಬೇಕಿತ್ತು.

ಸಂಜೆ ಕೊಹಿನೂರಿನಲ್ಲಿ ಬಸ್ಸಿಳಿದಾಗ ಸಣ್ಣ ಮಳೆ. ನಮ್ಮ ಓಣಿಯ ಬಾಯಿಗೇ ಮಸಾಲೆ ಹುರಿದ ವಾಸನೆ ಎದುರಾಯಿತು. ಅಂಗಳದಲ್ಲಿ ಐಸು ಕರಗಿದ ನೀರು. ಥರ್ಮಾಕೋಲ್ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದರು. ಅವ್ವ ಒಲೆಯ ಮುಂದೆ ಕುಳಿತು ನನ್ನ ಕಡೆ ನೋಡಿದ ನೋಟದಲ್ಲಿ ನಾನು ಎಂ.ಎಸ್ಸಿ. ಪಾಸಾದ ದಿನದ ಹಿಗ್ಗಿತ್ತು.

"ಎಲ್ಲ ಬರೋಬ್ಬರಿ ಮಾಡೇವಿ ತಂಗಿ. ಒಂದೂ ಕೆಟ್ಟಿಲ್ಲ," ಅಂದಳು.

ದೊಡ್ಡ ಪರಾತದಲ್ಲಿ ನನ್ನ ಕರಾವಳಿ ಬಿದ್ದಿತ್ತು. ಹುರುಪೆ ತೆಗೆದು, ರೆಕ್ಕೆ ಕತ್ತರಿಸಿ, ಬಾಲ ಹಾರಿಸಿ, ಹೊಟ್ಟೆ ಸೀಳಿ ತೊಳೆದು, ಒಂದೇ ಅಳತೆಯ ತುಂಡು ಮಾಡಿ, ಅರಿಶಿನ ಉಪ್ಪು ಸವರಿ ಇಟ್ಟಿದ್ದರು. ಬಂಡೆಯ ಮೀನು ಯಾವುದು, ಮರಳಿನದು ಯಾವುದು, ಅಳಿವೆಯದು ಯಾವುದು, ರೇಷ್ಮಾಳ ಅಪ್ಪ ಬಂದರೂ ಹೇಳುವಂತಿರಲಿಲ್ಲ. ಎಲ್ಲವೂ ಒಂದೇ ಹಳದಿ.

"ಇದನ್ನ್ಯಾಕ ಹೆಚ್ಚಿದ್ರಿ?" ಎಂದು ಕೇಳಿದೆ.

"ಕೆಡಬಾರದು ಅಂದಿ. ಹೆಚ್ಚಿ ಅರಿಶಿಣ ಹಚ್ಚಲಿಲ್ಲಂದ್ರ ಉಳೀತದೇನು?" ಅಂದಳು ಅವ್ವ.

ಅಪ್ಪ ಹೆಮ್ಮೆಯಿಂದ ಸೇರಿಸಿದ: "ನಿಮ್ಮತ್ತಿ ಮುಂಜಾನಿಂದ ಒಬ್ಬಾಕೀನೇ ಕುಂತು ಮಾಡ್ಯಾಳ. ನಮ್ಮ ಹುಡುಗಿ ಕಾಲೇಜ್ ಮೇಡಂ ಇದ್ದಾಳ, ಆಕಿ ಕೈಗೆ ಮೀನಿನ ನಾತ ಹತ್ತಬಾರದು, ಹೆಚ್ಚಿದ್ದೇ ಒಯ್ಯಲಿ ಅಂದಳು."

ನನ್ನ ಡಿಗ್ರಿಗೆ ಮರ್ಯಾದೆ ಕೊಡಲು ಹೋಗಿ ನನ್ನ ನೌಕರಿಯನ್ನು ಹೆಚ್ಚಿ ಇಟ್ಟಿದ್ದರು. ನಾನು ಪರಾತದ ಮುಂದೆ ಕುಕ್ಕರಿಸಿದೆ. ತುಂಡುಗಳನ್ನು ತಿರುವಿ ಹಾಕುತ್ತಿದ್ದಾಗ ಒಂದು ಸಂಗತಿ ಹೊಳೆಯಿತು. ತಲೆಗಳು ಇರಲಿಲ್ಲ.

"ತಲಿ ಎಲ್ಲಿ? ಅವ್ವಾ, ತಲಿ ಚೆಲ್ಲಿದ್ರೇನು?"

"ಹುಚ್ಚಿ ಅದೀ ಏನು? ತಲಿ ಯಾರರ ಚೆಲ್ತಾರ? ತಲಿ ನಿಮ್ಮತ್ತಿ ಮಾನ ಅಲ್ಲೇನು. ಉಪ್ಪು ಅರಿಶಿಣ ಹಚ್ಚಿ ಒಯ್ದಾಳ. ಈಗ ಹೋದಳು ನೋಡು, ಚಿಟಗುಪ್ಪಾ ಬಸ್ಸಿಗೆ."

ನಮ್ಮ ಮನೆತನದ ರೂಢಿ ಇದು. ಕುರಿ ಕೊಯ್ಯಲಿ, ಕೋಳಿ ಕೊಯ್ಯಲಿ, ತಲೆ ಮನೆಯ ಹೆಣ್ಣುಮಗಳದು. ಅಂದರೆ ಅಪ್ಪನ ಅಕ್ಕ ಶೇವಂತಾಬಾಯಿ ಅತ್ತೆಯದು. ತಲೆ ಕೊಡದ ತಮ್ಮ ತಮ್ಮನೇ ಅಲ್ಲ. ಒಮ್ಮೆ ನಮ್ಮ ಚಿಕ್ಕಪ್ಪ ಮರೆತು ಕೋಳಿಯ ತಲೆಯನ್ನು ಮಗನಿಗೆ ಬಡಿಸಿದ್ದಕ್ಕೆ ಅತ್ತೆ ಅವನ ಮನೆಯ ಎರಡು ಮದುವೆಗೆ ಕಾಲಿಟ್ಟಿರಲಿಲ್ಲ.

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಎರೆಮಣ್ಣಿನ ದಾರಿಯಲ್ಲಿ ಓಡಿದೆ. ಬಸ್ಸು ಬಂದು ನಿಂತಿತ್ತು. ಅತ್ತೆ ಕಿಟಕಿಯ ಪಕ್ಕ ಕುಳಿತಿದ್ದಳು, ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಸ್ಟೀಲ್ ಡಬ್ಬಿ.

"ಅತ್ತೀ, ಇಳಿ. ಆ ತಲಿ ನನಗ ಬೇಕು."

ಅತ್ತೆ ಡಬ್ಬಿಯನ್ನು ಸೆರಗಿನೊಳಗೆ ಸರಿಸಿದಳು. "ಯಾಕ, ಪರಾತ ತುಂಬ ಮೀನು ಸಾಲಲಿಲ್ಲೇನು ನಿನಗ? ಕಲಿತು ಬಂದು ಅತ್ತಿ ಪಾಲಿಗೇ ಕೈ ಹಾಕ್ತಿ?"

"ತಿನ್ನಾಕಲ್ಲ ಅತ್ತಿ. ನಾಳಿ ಪರೀಕ್ಷಾ ಅದ. ಹುಡುಗರಿಗೆ ತೋರಸಬೇಕು."

"ತೋರಿಸಿ ತಿರುಗಿ ಕೊಡ್ತಿ?"

ಇಲ್ಲಿ ಸುಳ್ಳು ಹೇಳಬಹುದಿತ್ತು. "ಇಲ್ಲ. ಔಷಧದಾಗ ಹಾಕಿ ಕಾಲೇಜಿನಾಗೇ ಇಡಬೇಕು," ಅಂದುಬಿಟ್ಟೆ.

"ಅಂದ್ರ ಯಾರೂ ತಿನ್ನಂಗಿಲ್ಲ?" ಅತ್ತೆಗೆ ಇದು ಕಳ್ಳತನಕ್ಕಿಂತ ದೊಡ್ಡ ಅಪರಾಧ ಅನಿಸಿತು. ಪಕ್ಕದ ಸೀಟಿನ ಮುದುಕರ ಕಡೆ ತಿರುಗಿ, "ಕೇಳಿದ್ರೇನು ಕಾಕಾ, ಸಮುದ್ರದಿಂದ ಬಂದ ತಲಿ ಬಾಟಲಿಗಿ ಹಾಕ್ತಾಳಂತ," ಅಂದಳು.

"ತಲಿ ಹೆಣ್ಣಮಗಳದೇ ಬಿಡವ್ವ. ಅದರಾಗ ಮಾತಿಲ್ಲ," ಎಂದು ಮುದುಕರು ನನಗೆ ತೀರ್ಪು ಕೊಟ್ಟರು.

ಕಂಡಕ್ಟರ್ ಬಾಗಿಲಲ್ಲಿ ನಿಂತು, "ಮೇಡಂ, ತಲಿ ಯಾರದು ಅಂತ ಜಲ್ದಿ ಫೈಸಲಾ ಮಾಡ್ರಿ. ನಂದೂ ನೌಕರೀನೇ ಅದ," ಅಂದ.

ನೌಕರಿ ಎಂಬ ಮಾತು ಕೇಳಿದ್ದೇ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದೆ: "ಅತ್ತಿ, ನಾಳಿ ಮೀನು ತೋರಸಲಿಲ್ಲಂದ್ರ ಆ ವಿಷಯಾನೇ ಬಂದ್ ಮಾಡ್ತಾರ. ನಾ ಮನಿಗಿ ಬಂದು ಕುಂಡ್ರಬೇಕು. ಹೆಚ್ಚಿದ ಮೀನಿಗೆ ಹೆಸರಿಲ್ಲ. ತಲಿ ನೋಡಿದ್ರ ಹೇಳಬಹುದು, ಅದು ಎಲ್ಲಿತ್ತು, ಏನು ತಿಂತಿತ್ತು ಅಂತ."

ಅತ್ತೆ ನನ್ನ ಮುಖ ನೋಡಿದಳು. ಮಳೆಯ ಹನಿ ನನ್ನ ಮೂಗಿನಿಂದ ಇಳಿಯುತ್ತಿತ್ತು. ಆಮೇಲೆ ಎದ್ದು, ಡಬ್ಬಿ ಹಿಡಿದು, ಮೆಟ್ಟಿಲಿಳಿದಳು.

"ಮೊದಲೇ ಹೇಳಾಕ ಏನಾಗಿತ್ತು? ನಡಿ. ಆದ್ರ ಒಂದು ಮಾತು. ತಲಿ ಎಲ್ಲಿಗಿ ಹೋಗ್ತಾವ ಅಲ್ಲಿಗಿ ನಾನೂ ಬರ್ತೀನಿ. ನನ್ನ ಮಾನ ನಾ ಬೇವಾರಸಿ ಬಿಡಂಗಿಲ್ಲ."

ಬಸ್ಸು ಹೋಯಿತು. ಆ ಸಂಜೆ ನಾವೆಲ್ಲ ಕುಳಿತು ಪರಾತದ ಕರಾವಳಿಯನ್ನು ಜೋಳದ ರೊಟ್ಟಿಯ ಜೊತೆ ಉಂಡೆವು. ಬೇರೇನು ಮಾಡುವುದಿತ್ತು. ತುತ್ತು ತುತ್ತಿಗೆ ನಾನು ಮುಳ್ಳು ನೋಡಿ ಹೇಳುತ್ತಿದ್ದೆ: ಇದು ಮರಳಿನ ಕಾಣೆ ಮೀನು ಇರಬೇಕು, ಇದು ಬಂಡೆಯ ಮುರು. ಅಪ್ಪ, "ಯಾವ ಓಣೀದಾದ್ರೇನು, ಸಾರು ಒಂದೇ ಆಗ್ಯಾದ," ಅಂದ.

ಮರುದಿನ ಪ್ರಯೋಗಾಲಯದ ಕಲ್ಲುಕಟ್ಟೆಯ ಮೇಲೆ ಟ್ರೇ ಜೋಡಿಸಿ ತಲೆಗಳನ್ನು ಇಟ್ಟೆ. ಎಷ್ಟು ತೊಳೆದರೂ ಅರಿಶಿನ ಬಿಡಲಿಲ್ಲ. ಎಲ್ಲ ತಲೆಗಳೂ ಮದುಮಕ್ಕಳ ಹಾಗೆ ಹಳದಿಯಾಗಿ, ಬಾಯಿ ತೆರೆದುಕೊಂಡು ಪ್ರಿನ್ಸಿಪಾಲರನ್ನು ನೋಡುತ್ತಿದ್ದವು. ಅವರು ಒಂದು ಸುತ್ತು ಬಂದು, "ಮೇಡಂ, ಬಾಕಿದು?" ಅಂದರು.

"ಬರೇ ತಲಿ ಮ್ಯಾಲೇ ಈ ಸಲದ ಪ್ರಾಕ್ಟಿಕಲ್ ಸರ್. ಹೊಸ ಪದ್ಧತಿ," ಅಂದೆ. ಹೊಸ ಪದ್ಧತಿ ಅಂದರೆ ನಮ್ಮ ಪ್ರಿನ್ಸಿಪಾಲರು ಯಾವುದನ್ನೂ ಪ್ರಶ್ನಿಸುತ್ತಿರಲಿಲ್ಲ. ಆದರೂ, "ಆ ಅಮ್ಮ ಯಾರು?" ಎಂದು ಕೇಳಿದರು. ಹಿಂದಿನ ಸ್ಟೂಲಿನ ಮೇಲೆ ಅತ್ತೆ ಹೊಸ ಇರಕಲ್ ಸೀರೆಯುಟ್ಟು, ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. "ಮೀನಿನವರ್ರಿ," ಅಂದೆ. ಸುಳ್ಳೇನಲ್ಲ.

ಹೊರಗಿನ ಪರೀಕ್ಷಕರು ಕಲಬುರಗಿಯ ಕಡೆ ಕೆಲಸ ಮಾಡುತ್ತಿದ್ದರೂ ಮೂಲತಃ ಕುಮಟಾದವರು. ಇದು ನನಗೆ ಅವರು ಬಾಯಿ ತೆರೆದಾಗಲೇ ಗೊತ್ತಾದದ್ದು. ಟ್ರೇಗಳ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡು, "ಎಂತದು ಮೇಡಂ ಇದು? ಎಲ್ಲಾ ಮೀನಿಗೂ ಅರಿಶಿನ ಹಚ್ಚಿದ್ದು ಎಂತಕ್ಕೆ?" ಅಂದರು.

"ಕೆಡಬಾರದು ಅಂತ ಸರ್."

"ಹ್ಞಾಂ," ಎಂದು ಇರ್ಫಾನನನ್ನು ಕರೆದರು. ಒಂದು ತಲೆ ತೋರಿಸಿ, "ಇದು ಎಲ್ಲಿ ಇರ್ತದೆ, ಹೇಳು ನೋಡುವ."

ಇರ್ಫಾನ್ ಬಗ್ಗಿ ನೋಡಿದ. "ಮರಳಿನ ತಳದಾಗ್ರಿ ಸರ್. ಎರಡೂ ಕಣ್ಣು ಒಂದೇ ಕಡಿಗಿ ಅವ. ಕೆಳಗಿನ ಕಡಿಗಿ ಬರೇ ಮರಳದ, ಅಲ್ಲಿ ನೋಡಾಕ ಏನಿಲ್ಲ. ನಮ್ಮ ಚಿಟಗುಪ್ಪಾದಂಗ್ರಿ."

ಪರೀಕ್ಷಕರಿಗೆ ಚಿಟಗುಪ್ಪ ಅರ್ಥವಾಗಲಿಲ್ಲ, ಕಣ್ಣು ಅರ್ಥವಾಯಿತು. ಮುಂದಿನದನ್ನು ಇಟ್ಟರು. "ಇದು?"

"ಮೀಸಿ ಅವ್ರಿ, ಅಳಿವೀದು. ಅಲ್ಲಿ ನೀರು ರಾಡಿ ಇರ್ತದ, ಕಣ್ಣು ಕೆಲಸ ಮಾಡಂಗಿಲ್ಲ, ಮೀಸಿಲೇ ಹುಡುಕಿ ತಿಂತದ."

"ಇದು?"

"ಹವಳದ ದಿಬ್ಬದ ಗಿಣಿಮೀನ್ರಿ. ಹಲ್ಲು ಕೂಡಿ ಕೊಕ್ಕಾಗ್ಯಾದ, ಕಲ್ಲು ಕೆರೀತದ. ಇದು ಕೆಸರಿಂದು, ಕಣ್ಣು ನೆತ್ತೀ ಮ್ಯಾಲ ಅವ, ನೀರಿನ ಹೊರಗ ನೋಡ್ತದ. ಇದು ಬಂಡೀ ಸಂದ್ಯಾಗಿಂದು, ಬಾಯಿ ನೋಡ್ರಿ ಸರ್, ಬಂದಿದ್ದೆಲ್ಲ ನುಂಗಾದೇ."

ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರೂ ಹೇಳಿದರು. ಇಡೀ ಮೀನಿದ್ದಿದ್ದರೆ ಅವರು ಬಣ್ಣ ನೋಡಿ ಹೆಸರು ಕಂಠಪಾಠ ಒಪ್ಪಿಸುತ್ತಿದ್ದರು. ಬಣ್ಣವೇ ಇಲ್ಲದ್ದರಿಂದ ಬಾಯಿ, ಕಣ್ಣು, ಮೀಸೆ ನೋಡಿಯೇ ಊರು ಹೇಳಬೇಕಾಯಿತು. ಪರೀಕ್ಷಕರು ಕುರ್ಚಿಗೆ ಒರಗಿದರು.

"ಹುಡುಗರು ಅಡ್ಡಿಲ್ಲ. ಆದರೆ ಮೇಡಂ, ಒಂದು ಕೇಳ್ತೆ. ಉಳಿದ ಮೀನು ಎಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು.

"ಉಂಡೇವ್ರಿ ಸರ."

ಪ್ರಿನ್ಸಿಪಾಲರು ಕಣ್ಣು ಮುಚ್ಚಿದರು. ಪರೀಕ್ಷಕರು ನಿಧಾನವಾಗಿ ತಿರುಗಿ ಅತ್ತೆಯನ್ನು ನೋಡಿದರು. "ಎಲ್ಲಾನೂ?"

"ಒಂದೂ ಬಿಟ್ಟಿಲ್ರಿ. ಶೇಂಗಾ, ಎಳ್ಳು ಅರದು ಹಾಕಿದ್ವಿ."

"ಮೀನಿಗೆ ಎಳ್ಳಾ?" ಪರೀಕ್ಷಕರ ಮುಖದಲ್ಲಿ ಮೊದಲ ಬಾರಿಗೆ ನಿಜವಾದ ನೋವು ಕಾಣಿಸಿತು. "ಕಾಯಿ ಹಾಕ್ಲಿಲ್ವಾ? ಕಾಣೆ ಇತ್ತಲ್ಲ ಅದರಲ್ಲಿ. ಕಾಣೆಗೆ ಎಳ್ಳು ಹಾಕಿದ್ರಾ?"

"ನೀವು ಬಂದು ಉಣ್ರಿ, ಆಮ್ಯಾಲ ಮಾತಾಡ್ರಿ," ಅಂದಳು ಅತ್ತೆ. "ನಾ ಬರೇ ತಲಿ ಒಯ್ಯಾಕಿ ಇದ್ದೆ. ಅದನ್ನೂ ಈಕಿ ಕಸಗೊಂಡಳು. ನಮ್ಮ ಮನ್ಯಾಗ ಕಲಿತಾಕಿ ಈಕಿ ಒಬ್ಬಾಕೀನೇ ಅಂತ ಬಿಟ್ಟು ಕೊಟ್ಟೀನ್ರಿ. ಮಾರ್ಕು ಜರಾ ನೋಡಿ ಹಾಕ್ರಿ."

ಪರೀಕ್ಷಕರು ನಕ್ಕರೋ ನಿಟ್ಟುಸಿರಿಟ್ಟರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೋಗುವಾಗ ಪ್ರಿನ್ಸಿಪಾಲರಿಗೆ, "ಈ ವಿಷಯ ತೆಗೀಬೇಡಿ, ಕಲಿಸುವವರು ಇದ್ದಾರೆ," ಎಂದು ಹೇಳಿ ಹೋದರು. ಮರುದಿನ ಸ್ಟಾಫ್ ರೂಮಿನಲ್ಲಿ ನನಗೊಂದು ಕುರ್ಚಿ ಬಂತು. ಒಂದು ಕಾಲು ಅಲುಗಾಡುತ್ತಿತ್ತು, ಆದರೂ ಕುರ್ಚಿ.

ತಲೆಗಳನ್ನು ಫಾರ್ಮಲಿನ್ ತುಂಬಿದ ಬಾಟಲಿಗಳಿಗೆ ಇಳಿಸುವಾಗ ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಮೂಗು ಮುಚ್ಚಿಕೊಂಡು, ಒಂದೊಂದು ಬಾಟಲಿ ಮುಚ್ಚಿದಾಗಲೂ "ಹೋಯ್ತು" ಅನ್ನುತ್ತಿದ್ದಳು. ಕೊನೆಗೆ ಖಾಲಿ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ ಹತ್ತಿದಳು.

ಅಂದಿನಿಂದ ಬಹಳ ಮಳೆಗಾಲಗಳು ಬಂದು ಹೋಗಿವೆ. ನಾನೀಗ ಸರ್ಕಾರಿ ಕಾಲೇಜೊಂದರಲ್ಲಿ ಕಾಯಂ ಆಗಿದ್ದೇನೆ. ಹೋದ ಶ್ರಾವಣದಲ್ಲಿ ಆ ಸುಕಟದ ಚೀಲದ ಮೇಲೆ ಕುಳಿತು ಹುಮನಾಬಾದಿಗೆ ಹೊರಟದ್ದು ನನ್ನ ಆ ಹಳೆಯ ಕಾಲೇಜಿಗೆ, ಹೊರಗಿನ ಪರೀಕ್ಷಕಿಯಾಗಿ. ಪ್ರಿನ್ಸಿಪಾಲರು ಬದಲಾಗಿದ್ದಾರೆ, ಕಪಾಟು ಬದಲಾಗಿಲ್ಲ. ಬಾಟಲಿಗಳಲ್ಲಿ ತಲೆಗಳು ಹಾಗೆಯೇ ಇದ್ದವು. ಅರಿಶಿನ ಬಿಟ್ಟು ಬಿಳಿಚಿಕೊಂಡಿದ್ದವು.

ಎದುರು ನಿಂತ ಹುಡುಗಿ ಕಣ್ಣು, ಬಾಯಿ, ಮೀಸೆ ಎಲ್ಲ ಸರಿಯಾಗಿ ಹೇಳಿದಳು. ಹೈವೇ ಅಂದಳು, ಅಡತಿ ಅಂದಳು, ಕೋಟೆ ಅಂದಳು. ಯಾರು ಮೊದಲು ಹೇಳಿದ್ದೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಉಳಿದ ಮೀನು ಎಲ್ಲಮ್ಮಾ?" ಎಂದು ಕೇಳಿದೆ.

ಹುಡುಗಿ ಒಂದು ಕ್ಷಣವೂ ತಡವರಿಸಲಿಲ್ಲ. "ಉಂಡಾರ್ರಿ ಮೇಡಂ," ಅಂದಳು. ಪಠ್ಯದಲ್ಲೇ ಇದೆಯೇನೋ ಅನ್ನುವಷ್ಟು ಗಂಭೀರವಾಗಿ.

ಪೂರಾ ಮಾರ್ಕು ಹಾಕಿ, ಹೊರಗೆ ಬಂದು ಅತ್ತೆಗೆ ಫೋನು ಮಾಡಿದೆ. ಅತ್ತೆಗೆ ಈಗ ಕಿವಿ ಮಂದ. ಹುಮನಾಬಾದಿನ ಕಾಲೇಜಿಗೆ ಬಂದಿದ್ದೇನೆ ಎಂದು ಕೂಗಿ ಹೇಳಬೇಕಾಯಿತು.

"ನನ್ನ ತಲಿ ಅದಾವೇನು ಅಲ್ಲಿ?"

"ಅದಾವ ಅತ್ತಿ. ಒಂದೂ ಕೆಟ್ಟಿಲ್ಲ."

"ಹ್ಯಾಂಗ ಕೆಡ್ತಾವ, ಅರಿಶಿಣ ನಾ ಹಚ್ಚೀನಿ," ಅಂದಳು ಅತ್ತೆ.